ಗೌರಕ್ಕನ ಗಂಟು

ಬಟ್ಲರ್ ಮುನಿಶಾಮಣ್ಣನವರ ಕೊರಳಲ್ಲಿ ಕೊನೆಯವರೆಗೂ ಇದ್ದ ಆ ಬೋ ಟೈಯ ಗಂಟು ಅವರ ಹೆಂಡತಿ ಹಾಕಿದ್ದಲ್ಲ. ನಾನು ಹಾಕಿದ್ದು. ಅವರಿಗದು ಗೊತ್ತಿರಲಿಲ್ಲ. ಗೊತ್ತಾಗದಂತೆ ನೋಡಿಕೊಂಡವನೂ ನಾನೇ.

ಇಷ್ಟು ಬರೆಯಲು ಇಷ್ಟು ವರ್ಷ ಬೇಕಾಯಿತು. ಬರೆದು ನೋಡಿದರೆ — ಇಷ್ಟೇನಾ ಅನ್ನಿಸುತ್ತದೆ. ಗೇಣುದ್ದದ ಬಟ್ಟೆ, ಅದರಲ್ಲೊಂದು ಗಂಟು. ಇದರಿಂದ ಯಾರ ಮನೆಯೂ ಬೀಳಲಿಲ್ಲ, ಯಾರೂ ಜೈಲಿಗೆ ಹೋಗಲಿಲ್ಲ. ಆದರೆ ನಾನು ಬಿಚ್ಚಿದ್ದು ಏನನ್ನು ಎಂಬುದು ನಿಮಗೆ ತಿಳಿಯಬೇಕಾದರೆ ಆ ಗಂಡ ಹೆಂಡಿರ ವಿಷಯವನ್ನು ಮೊದಲು ಹೇಳಬೇಕು.

ದೊಡ್ಡಬಳ್ಳಾಪುರದಲ್ಲಿ ನಮ್ಮದು ಮಗ್ಗದವರ ಬೀದಿ. ಬೆಳಗಾದರೆ ಎರಡೂ ಕಡೆಯ ಶೆಡ್ಡುಗಳಲ್ಲಿ ಪವರ್‌ಲೂಮ್‌ಗಳು ಟಕಟಕ ಶುರುವಾಗುತ್ತಿದ್ದವು. ಬೀದಿಯ ಗಂಡಸರೆಲ್ಲ ಲುಂಗಿ ಬನಿಯನ್ನಿನಲ್ಲಿ ಕೆಲಸಕ್ಕೆ ಹೊರಟರೆ, ನಮ್ಮ ಎದುರು ಮನೆಯ ಮುನಿಶಾಮಣ್ಣ ಮಾತ್ರ ಬಿಳಿ ಶರ್ಟು, ಕಪ್ಪು ಪ್ಯಾಂಟು, ಕೊರಳಿಗೆ ಕರೀ ಬೋ ಟೈ ಹಾಕಿಕೊಂಡು ರೈಲ್ವೆ ಸ್ಟೇಷನ್ ಕಡೆ ನಡೆಯುತ್ತಿದ್ದರು. ಬೆಂಗಳೂರಿನ ಒಂದು ಹಳೆಯ ಕ್ಲಬ್ಬಿನಲ್ಲಿ ಅವರು ಬಟ್ಲರ್. ಮಕ್ಕಳು "ಚಿಟ್ಟೆ ಬಂತು, ಚಿಟ್ಟೆ ಬಂತು" ಎಂದು ಹಿಂದೆ ಓಡುತ್ತಿದ್ದವು. ಅವರು ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಟೈಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ ಕ್ಲಬ್ಬಿನಲ್ಲೇ ಕಟ್ಟಿಕೊಳ್ಳಬಹುದಿತ್ತು, ಮಿಕ್ಕವರು ಹಾಗೇ ಮಾಡುತ್ತಿದ್ದರು. ಆದರೆ ಮುನಿಶಾಮಣ್ಣನವರಿಗೆ ಅದನ್ನು ಕಟ್ಟಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಟ್ಟುತ್ತಿದ್ದವರು ಗೌರಕ್ಕ.

ಗೌರಕ್ಕ ಮಗ್ಗದ ಹೆಂಗಸು. ಮಗ್ಗದ ಹಾಸುನೂಲಿನಲ್ಲಿ ಕಡಿದುಹೋದ ಎಳೆ ಹುಡುಕಿ ಗಂಟು ಹಾಕುವುದರಲ್ಲಿ ನಮ್ಮ ಬೀದಿಯಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಕ್ಲಬ್ಬಿನವರು ಕೊಟ್ಟಿದ್ದ ಎಲಾಸ್ಟಿಕ್ ಟೈ ಗಂಡನ ಕತ್ತು ಕೆರೆಯುತ್ತದೆ ಎಂದು ಅದನ್ನು ಎಸೆದು, ಕರೀ ರೇಷ್ಮೆಯಲ್ಲಿ ತಾವೇ ಒಂದು ಹೊಲಿದರು. ಆದರೆ ಕಟ್ಟುವುದು ಹೇಗೆ? ಮುನಿಶಾಮಣ್ಣ ಕ್ಲಬ್ಬಿನಿಂದ ತಂದ ಹಳೆಯ ಇಂಗ್ಲಿಷ್ ಪತ್ರಿಕೆಯೊಂದರಲ್ಲಿ ಅದರ ಆರು ಚಿತ್ರಗಳಿದ್ದವು. ಚಿತ್ರದ ಕೆಳಗಿನ ಅಕ್ಷರ ಓದಿ ಹೇಳಲು ನನ್ನನ್ನು ಕರೆದರು. ಚಿಕ್ಕಂದಿನಲ್ಲೇ ತಾಯಿ ತೀರಿಕೊಂಡು, ಅರ್ಧ ಊಟ ಆ ಮನೆಯಲ್ಲೇ ಉಂಡು ಬೆಳೆದವನು ನಾನು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ತಡವರಿಸುತ್ತಾ ನಾನು ಓದಿದೆ, ಅವರು ಬೆರಳಾಡಿಸಿದರು. ಮೂರನೆಯ ಸಲಕ್ಕೆ ಗಂಟು ಕೂತಿತು. ಆ ಆರು ಹೆಜ್ಜೆ ನನಗೂ ಬಾಯಿಪಾಠವಾಯಿತು. ಅವತ್ತು ಅದು ಬಾರದೆ ಹೋಗಿದ್ದರೆ...

ಅವರ ಮನೆಯಲ್ಲಿ ಒಂದು ಉದ್ದನೆಯ ನೋಟ್ ಪುಸ್ತಕವಿತ್ತು. ಕ್ಲಬ್ಬಿನವರು ಎಸೆಯುವ ಪತ್ರಿಕೆಗಳಲ್ಲಿ ಬೋ ಟೈ ಕಟ್ಟಿದವರ ಚಿತ್ರ ಯಾವುದು ಸಿಕ್ಕಿದರೂ ಮುನಿಶಾಮಣ್ಣ ಕತ್ತರಿಸಿ ತಂದು ಅದರಲ್ಲಿ ಅಂಟಿಸುತ್ತಿದ್ದರು. ಯಾವುದೋ ದೇಶದ ಪ್ರಧಾನಿ, ಕೆದರಿದ ತಲೆಯ ವಿಜ್ಞಾನಿ, ಮೈಕಿನ ಮುಂದೆ ಕಣ್ಣು ಮುಚ್ಚಿದ ಹಾಡುಗಾರ, ಸಿನಿಮಾದ ಕೋಡಂಗಿ, ಕೊನೆಗೆ ಬಿಸ್ಕತ್ತು ಡಬ್ಬದ ಮೇಲಿನ ಕರಡಿ — ಎಲ್ಲರೂ ಅಲ್ಲಿದ್ದರು. ಅರ್ಧಕ್ಕರ್ಧ ಜನರ ಹೆಸರು ನಮಗೆ ಯಾರಿಗೂ ತಿಳಿಯದು. ಭಾನುವಾರ ಗಂಡ ಹೆಂಡತಿ ಜಗಲಿಯ ಮೇಲೆ ಕೂತು ಪುಟ ತಿರುವುತ್ತಿದ್ದರು. ಗೌರಕ್ಕನಿಗೆ ಮುಖ ಬೇಡ, ಗಂಟು ನೋಡುತ್ತಿದ್ದರು.

"ಇವನ್ಯಾರು? ಗಂಟು ಸೊಟ್ಟ ಬಿದ್ದೈತೆ."

"ದೊಡ್ಡ ಮಂತ್ರಿ ಕಣೇ ಅವ್ನು."

"ಆದ್ರೇನು? ಮನೇಲಿ ಕಟ್ಟೋರಿಲ್ಲ ಅನ್ಸುತ್ತೆ, ಪಾಪ. ಈ ಕರಡೀದೇ ಎಷ್ಟೋ ವಾಸಿ."

ಎಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ಒಂದು ದಿನ ಎಂದಿನಂತೆ ಟೈ ಕಟ್ಟಿ ಗಂಡನನ್ನು ಕಳಿಸಿದ ಗೌರಕ್ಕ, ಹನ್ನೊಂದು ಗಂಟೆಯ ಹೊತ್ತಿಗೆ ಮಗ್ಗದ ಪಕ್ಕದಲ್ಲೇ ಕುಸಿದು ಬಿದ್ದರು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ಕ್ಲಬ್ಬಿಗೆ ಫೋನು ಮಾಡಿಸಿದೆವು. ಮಧ್ಯಾಹ್ನದ ಬಸ್ಸಿಗೆ ಅವರು ಬಂದರು, ಅದೇ ಬಿಳಿ ಶರ್ಟು, ಅದೇ ಟೈ. ಕಾರ್ಯಕ್ಕೆ ಕೂರಲು ಅಂಗಿ ಬಿಚ್ಚಬೇಕಾಯಿತು. ಆ ಟೈಗೆ ಕತ್ತಿನ ಹಿಂದೆ ಒಂದು ಕೊಕ್ಕೆ ಇತ್ತು. ಕೊಕ್ಕೆ ತೆಗೆದರೆ ಮುಂದಿನ ಗಂಟು ಹಾಗೇ ಉಳಿದು ಪಟ್ಟಿ ಕೈಗೆ ಬರುತ್ತಿತ್ತು; ಆದರೂ ಗೌರಕ್ಕ ದಿನಾ ಅದನ್ನು ಬಿಚ್ಚಿ ಹೊಸದಾಗಿಯೇ ಕಟ್ಟುತ್ತಿದ್ದರು. ಅವರು ಕೊಕ್ಕೆ ತೆಗೆದು, ಸುತ್ತ ಒಮ್ಮೆ ನೋಡಿ, ಅಷ್ಟು ಜನರಲ್ಲಿ ನನ್ನ ಕೈಗೆ ಕೊಟ್ಟರು. "ಹಿಡ್ಕೋ ಸೀನಾ. ಗಂಟು ಕೆಡಿಸ್ಬೇಡ" ಎಂದರು. ಎಲ್ಲ ಮುಗಿಯುವವರೆಗೂ ಅಂಗೈಯಲ್ಲಿ ಹಿಡಿದುಕೊಂಡೇ ಇದ್ದೆ.

ಆ ಮೇಲೆ ಅವರು ಆ ಗಂಟನ್ನು ಬಿಚ್ಚಲೇ ಇಲ್ಲ. ಬೆಳಿಗ್ಗೆ ಕೊಕ್ಕೆ ಹಾಕುವುದು, ಸಂಜೆ ತೆಗೆದು ಗೌರಕ್ಕನ ಫೋಟೋದ ಮುಂದೆ ಇಡುವುದು. ನಿವೃತ್ತರಾದ ಮೇಲೂ ಬಿಡಲಿಲ್ಲ. ಪಂಚೆ ಉಟ್ಟು ಮಾರ್ಕೆಟ್ಟಿಗೆ ಹೊರಟರೂ ಮೇಲೆ ಬಿಳಿ ಶರ್ಟು, ಕೊರಳಲ್ಲಿ ಟೈ. ಜನ ನಗುತ್ತಿದ್ದರು. ಕಾರಣ ಗೊತ್ತಿದ್ದದ್ದು ಮಗಳು ಸರೋಜಳಿಗೆ ಮತ್ತು ನನಗೆ.

ಇನ್ನು ನನ್ನ ವಿಷಯ. ನಾನು ಶೆಡ್ಡಿನಲ್ಲಿ ಮಗ್ಗ ಓಡಿಸುತ್ತಿದ್ದವನು, ಆದರೆ ಹುಚ್ಚು ನಾಟಕದ್ದು. ನಾವು ಏಳೆಂಟು ಜನ ಸೇರಿ ಒಂದು ತಂಡ ಮಾಡಿಕೊಂಡಿದ್ದೆವು. ಮುನಿಶಾಮಣ್ಣ ನಿವೃತ್ತರಾದ ಮೇಲೆ ಒಂದು ವರ್ಷ ಊರಿನ ರಾಜ್ಯೋತ್ಸವಕ್ಕೆ ನಾಟಕ ಆಡುವುದೆಂದಾಯಿತು. ನನ್ನದು ಸಾಹುಕಾರನ ಮನೆಯ ಪೆದ್ದು ಬಟ್ಲರನ ಪಾರ್ಟು. ಒಂದು ದೃಶ್ಯದಲ್ಲಿ ಸಾಹುಕಾರ ಕೋಪದಲ್ಲಿ ಬಟ್ಲರನ ಟೈ ಹಿಡಿದು ಎಳೆಯುತ್ತಾನೆ. ಬೆಂಗಳೂರಿನಿಂದ ತಂದ ಎಲಾಸ್ಟಿಕ್ ಟೈ ಎಳೆದರೆ ಮುಂದೆ ಬಂದು ಮತ್ತೆ ಕತ್ತಿಗೆ ಪಟ್ಟಂತ ಬಡಿಯುತ್ತಿತ್ತು, ಅಷ್ಟೇ. ಅದು ಸಾಕಾಗಿತ್ತು. ನನಗೆ ಮಾತ್ರ ಸಾಲಲಿಲ್ಲ. ದೂರದಿಂದ ನೋಡುವವರಿಗೂ ನಾನು ನಿಜವಾದ ಬಟ್ಲರನ ಹಾಗೆ ಕಾಣಬೇಕು ಎಂಬ ಆಸೆ — ಆಸೆ ಅಂದರೆ ತೀರಾ ಮೆತ್ತಗಾಯಿತು, ಅದು ಕೊಬ್ಬು.

ಮುನಿಶಾಮಣ್ಣನವರ ಟೈ ಕೇಳಲು ಹೋದೆ. ಅವರು ಗೌರಕ್ಕನ ಫೋಟೋದ ಕಡೆ ನೋಡಿದರು.

"ಅವಳಿದ್ದಿದ್ರೆ ಕೊಡು ಅಂತಿದ್ಲು" ಎಂದರು. "ನಿನ್ನ ನಾಟಕ ಅಂದ್ರೆ ಮುಂದುಗಡೆ ಹೋಗಿ ಕೂತ್ಕೊಳ್ಳೋಳು. ತಗೊಂಡೋಗು. ಗಂಟು ಮಾತ್ರ ಬಿಚ್ಚಬಾರದು ಕಣಪ್ಪ."

"ಎಳೆಯೋ ಸೀನಿಗೆ ಬೇರೆ ಟೈ ಐತೆ ಅಣ್ಣ. ಒಳಗೆ ಹೋಗಿ ಬದಲಾಯಿಸ್ಕೋತೀನಿ. ಇದನ್ನ ಯಾರೂ ಮುಟ್ಟಲ್ಲ."

"ನೀನಿರೋವಾಗ ನಂಗೇನು ಯೋಚ್ನೆ?" ಎಂದರು.

ಅವರಿಗೆ ನಾಟಕ ನೋಡಲಾಗಲಿಲ್ಲ. ಸೂಲಿಬೆಲೆಗೆ ಮದುವೆಯಾಗಿ ಹೋಗಿದ್ದ ಸರೋಜಳಿಗೆ ಅದೇ ವಾರ ಹೆರಿಗೆಯಾಗಿ, ಮೊಮ್ಮಗುವನ್ನು ನೋಡಲು ಹೋದರು.

ಸಂಜೆ ಆರಕ್ಕೆ ಪರದೆ ಎದ್ದಿತು. ಮೈದಾನ ತುಂಬಿತ್ತು. ಆದರೆ ಮೊದಲರ್ಧ ಸಪ್ಪೆಯಾಯಿತು. ನಾನು ಬಿದ್ದೆ, ತಟ್ಟೆ ಬೀಳಿಸಿದೆ, ಮೂತಿ ಸೊಟ್ಟಗೆ ಮಾಡಿದೆ — ಒಬ್ಬರೂ ನಗಲಿಲ್ಲ. ಹಿಂದಿನ ಸಾಲಿನವರು ಎದ್ದು ಹೋಗುತ್ತಿದ್ದದ್ದು ಕಾಣುತ್ತಿತ್ತು. ಟೈ ಬದಲಾಯಿಸಲು ಒಳಗೆ ಬಂದೆ. ಎಲಾಸ್ಟಿಕ್ ಟೈ ಕೈಯಲ್ಲಿ ಹಿಡಿದು ಕನ್ನಡಿಯ ಮುಂದೆ ನಿಂತೆ. ನನ್ನ ಕೊರಳಲ್ಲಿ ಗೌರಕ್ಕನ ಗಂಟು. ಇದನ್ನು ಎಳೆದರೆ ಹೇಗೆ ಬಿಚ್ಚಿಕೊಳ್ಳುತ್ತದೆ, ಜನ ಹೇಗೆ ನಗುತ್ತಾರೆ ಎಂದು ನನಗೆ ಕಣ್ಣಿಗೆ ಕಟ್ಟಿದ ಹಾಗೆ ಕಾಣಿಸಿತು. ಎಲಾಸ್ಟಿಕ್ ಟೈಯನ್ನು ಮೇಜಿನ ಮೇಲಿಟ್ಟು ಹೊರಗೆ ಬಂದೆ.

ಮರೆತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಮರೆಯಲಿಲ್ಲ.

ಸಾಹುಕಾರನ ಪಾರ್ಟು ಮಾಡುತ್ತಿದ್ದ ರಂಗಸ್ವಾಮಿಗೆ ಎರಡು ಟೈಗಳ ವಿಷಯ ಗೊತ್ತಿತ್ತು. ಅವನು ನನ್ನ ಕೊರಳು ನೋಡಿ ತಡೆದ. ಎತ್ತಿದ ಕೈ ಅಲ್ಲೇ ನಿಂತಿತು. "ಲೇ, ಇದು..." ಎಂದು ತುಟಿ ಅಲ್ಲಾಡಿಸಿದ. ನಾನೇ ಅವನ ಕೈ ಹಿಡಿದು, ಟೈಯ ತುದಿಯನ್ನು ಅವನ ಬೆರಳ ಸಂದಿಗೆ ಇಟ್ಟೆ. "ಎಳಿ" ಎಂದೆ.

ಅವನು ಎಳೆದ.

ರೇಷ್ಮೆ ಸದ್ದು ಮಾಡುವುದಿಲ್ಲ ಅನ್ನುತ್ತಾರೆ. ನನಗೆ ಕೇಳಿಸಿತು — ಗಲ್ಲದ ಕೆಳಗೆ, ಸಣ್ಣಗೆ, ಒಂದು ಉಸಿರಿನಷ್ಟು. ಗಂಟು ಸಡಿಲಿತು, ಒಂದು ರೆಕ್ಕೆ ಮಡಚಿಕೊಂಡಿತು, ಆಮೇಲೆ ಎರಡು ತುದಿ ನನ್ನ ಎದೆಯ ಮೇಲೆ ಇಳಿಬಿದ್ದವು. ನಾನು ಕಣ್ಣರಳಿಸಿ ಕೆಳಗೆ ನೋಡಿದೆ. ಮೈದಾನ ಭೋರೆಂದು ನಕ್ಕಿತು. ಎದ್ದು ಹೋಗುತ್ತಿದ್ದವರು ತಿರುಗಿ ನಿಂತರು. ಆ ನಗು ನಿಲ್ಲುವವರೆಗೆ ಮುಂದಿನ ಮಾತಾಡಲು ಕಾಯಬೇಕಾಯಿತು. ನನ್ನ ಜೀವಮಾನದಲ್ಲಿ ಅಂಥ ನಗು ನನಗೆ ಇನ್ನೊಮ್ಮೆ ಸಿಗಲಿಲ್ಲ. ಸುಳ್ಳೇಕೆ ಹೇಳಲಿ — ಆ ಕ್ಷಣ ನನಗೆ ಸಂತೋಷವಾಯಿತು. ಮೈ ಜುಮ್ಮೆನ್ನುವಷ್ಟು ಸಂತೋಷ.

ಮಾರನೆಯ ದಿನ, ಯಾರಿಗೂ ಹೇಳಬಾರದೆಂದು ರಂಗಸ್ವಾಮಿಯಿಂದ ಮಾತು ತೆಗೆದುಕೊಂಡು ಬಂದು, ಕದ ಹಾಕಿಕೊಂಡು ಕನ್ನಡಿಯ ಮುಂದೆ ಕೂತೆ. ಪಟ್ಟಿಯನ್ನು ತೊಡೆಯ ಮೇಲೆ ಹರಡಿದಾಗ, ಗಂಟಿನ ಒಳಗಡೆ ಇದ್ದ ಮಡಿಕೆಯಲ್ಲಿ ಬಿಳೀ ಪುಡಿ ಕಂಡಿತು, ಎರಡು ಚಿಟಿಕೆಯೂ ಇಲ್ಲ. ಮುಖಕ್ಕೆ ಬಳಿದುಕೊಂಡ ಪೌಡರು ಬಿದ್ದಿರಬೇಕು ಎಂದುಕೊಂಡೆ. ಒದ್ದೆ ಬಟ್ಟೆಯಲ್ಲಿ ಚೊಕ್ಕಟವಾಗಿ ಒರೆಸಿದೆ. ಆಮೇಲೆ ಆರು ಹೆಜ್ಜೆ ನೆನೆಸಿಕೊಂಡು ಕಟ್ಟಲು ಕೂತೆ. ಬಟ್ಟೆಯ ಮೇಲೆ ಗೌರಕ್ಕನ ಮಡಿಕೆಗಳು ಗೆರೆ ಬಿದ್ದಿದ್ದವು; ಆ ಗೆರೆ ಹಿಡಿದೇ ಹೋದೆ. ಆದರೂ ಕೂರಲಿಲ್ಲ. ಬಿಚ್ಚಿದೆ, ಕಟ್ಟಿದೆ. ಒಂದೊಂದು ಸಲ ಬಿಚ್ಚಿದಾಗಲೂ ಅವರ ಗೆರೆ ಮಾಸಿ ನನ್ನ ಗೆರೆ ಮೂಡುತ್ತಿತ್ತು. ಮಧ್ಯಾಹ್ನ ಕಳೆಯುವಷ್ಟರಲ್ಲಿ ಗಂಟು ಮೊದಲಿನ ಹಾಗೇ ಕಂಡಿತು. ಬಟ್ಟೆಯಲ್ಲಿ ಅವರದೊಂದು ಗೆರೆಯೂ ಉಳಿದಿರಲಿಲ್ಲ.

ಎರಡು ದಿನ ಬಿಟ್ಟು ಮುನಿಶಾಮಣ್ಣ ಊರಿಂದ ಬಂದರು. ಟೈ ಕೊಟ್ಟೆ. ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಗಂಟು ಹಂಗೇ ಐತಲ್ಲಪ್ಪ?"

"ಹಂಗೇ ಐತೆ ಅಣ್ಣ. ಯಾರೂ ಮುಟ್ಟಿಲ್ಲ."

ಇದೇ ನಾನು ಹೇಳಿದ ಸುಳ್ಳು. ನಾಟಕದಲ್ಲಿ ಮಾಡಿದ್ದು ಒಂದು ತಪ್ಪು. ಇದು ಇನ್ನೊಂದು. ಇದನ್ನು ಯಾವ ನಗುವಿಗಾಗಿಯೂ ಮಾಡಲಿಲ್ಲ — ನನ್ನ ಮುಖ ಉಳಿಸಿಕೊಳ್ಳಲು ಮಾಡಿದೆ.

ಅವರು ಕೊಕ್ಕೆ ಹಾಕಿಕೊಂಡು, ಗಂಟಿನ ಮೇಲೆ ಬೆರಳಾಡಿಸುತ್ತಾ ನಕ್ಕರು. "ಅವತ್ತು ಬಾಗಿಲಿಗೆ ರಂಗೋಲಿ ಹಾಕ್ತಿದ್ಲು. ರೈಲಿಗೆ ಹೊತ್ತಾಯ್ತು ಅಂತ ನಾನು ಕೂಗ್ದೆ. ಕೈ ತೊಳೀದೇನೇ ಬಂದು ಕಟ್ಟಿದ್ಲು. ಮೈಯೆಲ್ಲ ಪುಡಿ ಮಾಡ್ತೀಯಲ್ಲೇ ಅಂತ ಬೈದೆ. ಹೊರಗಡೇದೆಲ್ಲ ನಾನೇ ಒದರಿಬಿಟ್ಟೆ, ಬುದ್ಧಿಯಿಲ್ದೋನು. ಒಳಗೆ ಒಂಚೂರು ಇರ್ಬೇಕು. ಇರುತ್ತಲ್ವಾ ಸೀನಾ?"

"ಇರುತ್ತೆ ಅಣ್ಣ" ಎಂದೆ.

ಮನೆಗೆ ಬಂದು ಆ ಒದ್ದೆ ಬಟ್ಟೆ ಹುಡುಕಿದೆ. ನನ್ನ ತಂಗಿ ಅದನ್ನು ಒಗೆದು ಹಿತ್ತಲಲ್ಲಿ ಒಣಹಾಕಿದ್ದಳು.

ಅಲ್ಲಿಂದ ಏಳು ವರ್ಷ ಅವರು ಬದುಕಿದ್ದರು. ನಾಟಕ ಹೆಸರಾಯಿತು. ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಎಲ್ಲ ಕಡೆಯಿಂದ ಕರೆ ಬಂತು. ಟೈ ಬಿಚ್ಚುವ ದೃಶ್ಯಕ್ಕೆಂದೇ ಜನ ಕಾಯುತ್ತಿದ್ದರು. ಅದಕ್ಕಾಗಿ ನಾನೊಂದು ಬೇರೆ ಟೈ ಹೊಲಿಸಿದ್ದೆ. ನನ್ನನ್ನು ತಾಲ್ಲೂಕಿನಲ್ಲೆಲ್ಲ "ಬಟ್ಲರ್ ಸೀನ" ಎಂದು ಕರೆಯತೊಡಗಿದರು. ಆ ಹೆಸರೂ ಅವರದೇ. ಒಮ್ಮೆ ದೇವನಹಳ್ಳಿಯ ಆಟಕ್ಕೆ ಮುನಿಶಾಮಣ್ಣನೂ ಬಂದರು. ಎಲ್ಲರ ಜೊತೆ ನಕ್ಕರು. ಆಟ ಮುಗಿದ ಮೇಲೆ ನನ್ನ ಬೆನ್ನು ತಟ್ಟಿ, "ಇದು ಬೇರೆ ಟೈ ಅಲ್ವಾ? ಒಳ್ಳೇದಾಯ್ತು ಬಿಡು. ಅವಳ್ದನ್ನ ಹಿಂಗೆ ಎಳೆದುಬಿಟ್ಟಿದ್ರೆ..." ಎಂದು, ಮುಂದೆ ಹೇಳದೆ ತಲೆಯಾಡಿಸಿದರು.

ನನ್ನನ್ನು ತಿಂದದ್ದು ಅದಲ್ಲ. ದಿನಾ ಬೆಳಿಗ್ಗೆ ಟೀ ಅಂಗಡಿಯ ಮುಂದೆ ಸಿಗುತ್ತಿದ್ದರಲ್ಲ, ಅದು. ಟೈ ನೆಟ್ಟಗಿದೆಯೇ ಎಂದು ನೋಡಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಗಲ್ಲ ಮೇಲೆತ್ತಿ ನನ್ನ ಮುಂದೆ ನಿಲ್ಲುತ್ತಿದ್ದರು, ಶಾಲೆಗೆ ಹೊರಟ ಮಗುವಿನ ಹಾಗೆ.

"ಸರಿಯಾಗೈತಾ ಸೀನಾ?"

ನಾನು ಎರಡು ಬೆರಳಿನಲ್ಲಿ ನನ್ನದೇ ಗಂಟನ್ನು ನೆಟ್ಟಗೆ ಮಾಡುತ್ತಿದ್ದೆ. "ಸರಿಯಾಗೈತೆ ಅಣ್ಣ."

ಏಳು ವರ್ಷ. ಹೆಚ್ಚುಕಡಿಮೆ ದಿನಾ. ಒಂದೊಂದು ಬೆಳಿಗ್ಗೆಯೂ ಹೇಳಬಹುದಿತ್ತು. ಹೇಳಿದರೆ ಅವರಿಗೆ ನೋವಾಗುತ್ತದೆ ಎಂದು ನಾನು ಸುಮ್ಮನಿದ್ದೆನೇ, ಅಥವಾ ಆ ಎತ್ತಿದ ಗಲ್ಲ ನಾಳೆಯಿಂದ ನನ್ನ ಮುಂದೆ ನಿಲ್ಲುವುದಿಲ್ಲ ಎಂದೇ — ಈಗಲೂ ನನಗೆ ನಾನು ಪೂರ್ತಿ ನಿಜ ಹೇಳಿಕೊಂಡಿಲ್ಲ. ಕೆಲವು ದಿನ ಬೇರೆ ದಾರಿ ಹಿಡಿದು ಶೆಡ್ಡಿಗೆ ಹೋಗುತ್ತಿದ್ದೆ. ಮಗ್ಗ ಓಡುವಾಗ, ಆ ಟಕಟಕದ ನಡುವೆಯೂ ಗಲ್ಲದ ಕೆಳಗೆ ಆ ಉಸಿರಿನಂಥ ಸದ್ದು ಕೇಳಿಸುತ್ತಿತ್ತು. ಅಂಗಿಯ ಮೇಲಿನ ಗುಂಡಿ ಹಾಕಿಕೊಳ್ಳುವುದನ್ನೇ ಬಿಟ್ಟೆ.

ಮುನಿಶಾಮಣ್ಣ ಹೆಚ್ಚು ದಿನ ಹಾಸಿಗೆ ಹಿಡಿಯಲಿಲ್ಲ. ಕೊನೆಯ ವಾರ ಸರೋಜ ಬಂದು ನೋಡಿಕೊಂಡಳು. ಹೋದ ದಿನ ಟೈಯನ್ನು ಅವರ ಜೊತೆ ಕಳಿಸೋಣವೇ ಎಂದು ಯಾರೋ ಕೇಳಿದರು. "ಬೇಡ, ಅಮ್ಮನ ಕೈಗಂಟು ನಿನ್ನ ಹತ್ರ ಇರ್ಲಿ ಅಂತ ಅಪ್ಪ ಹೇಳವ್ರೆ" ಎಂದು ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ನಾನು ಪಕ್ಕದಲ್ಲೇ ಇದ್ದೆ. ಆಗಲೂ ಬಾಯಿ ಬಿಡಲಿಲ್ಲ.

ಮುಂದಿನ ವರ್ಷ ಸೂಲಿಬೆಲೆಗೆ ಆಟ ಆಡಲು ಹೋದಾಗ ಸರೋಜ ಬೆಳಿಗ್ಗೆಯೇ ಮನೆಗೆ ಕರೆದು ತಿಂಡಿ ಕೊಟ್ಟಳು. ದೇವರ ಗೂಡಿನಲ್ಲಿ ಅಪ್ಪ ಅಮ್ಮನ ಫೋಟೋ, ಅದರ ಮುಂದೆ ಆ ಟೈ. ಅದಕ್ಕೆ ಅರಿಶಿನ ಕುಂಕುಮ ಇಟ್ಟಿದ್ದಳು. ಅವಳ ಮಗಳು, ಆ ನಾಟಕದ ವಾರ ಹುಟ್ಟಿದವಳು, ಸ್ಕೂಲಿಗೆ ಹೊರಡುವ ಮೊದಲು ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ತಟ್ಟೆ ಸರಿಸಿ ಎದ್ದೆ. ಅವತ್ತೂ ಹೇಳದೆ ಬಂದೆ. ಅವತ್ತಿನ ಆಟವೇ ನನ್ನ ಕೊನೆಯ ಆಟ.

ಒಂದು ತಿಂಗಳಾದ ಮೇಲೆ ಮತ್ತೆ ಹೋದೆ, ಹೇಳಲೆಂದೇ. ಮಧ್ಯಾಹ್ನ. ಸರೋಜ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದಳು. "ಬಾ ಸೀನಣ್ಣ, ಕೂತ್ಕೋ, ಊಟ ಮಾಡ್ತೀಯಾ?" ಎಂದಳು. ನಿಂತೇ ಹೇಳಿದೆ. ಮೊದಲಿಂದ ಕೊನೆವರೆಗೂ, ಒರೆಸಿದ ಪುಡಿಯನ್ನೂ ಬಿಡದೆ. ಅವಳ ಕೈ ನಿಂತಿತು. ತಲೆ ಎತ್ತಲಿಲ್ಲ.

"ಜನ ನಕ್ರಾ?" ಎಂದಳು ಕೊನೆಗೆ.

"ನಕ್ರು."

"ಬಹಳ?"

"ಬಹಳ."

ಮೊರದಲ್ಲಿದ್ದ ಕಾಳುಗಳನ್ನು ಒಂದು ಕಡೆಗೆ ಸರಿಸಿದಳು.

"ಅಪ್ಪ ಹೋಗೋ ಹಿಂದಿನ ದಿನ ಏನಂದ್ರು ಗೊತ್ತಾ? ಸೀನನ್ನ ಮರೀಬೇಡ, ಹಬ್ಬಕ್ಕೆ ಕರೀತಿರು ಅಂದ್ರು. ನನ್ನ ಪ್ರಾಣ ಅವನ ಕೈಗೆ ಕೊಟ್ಟಿದ್ದೆ, ಹೂವಿನ ಹಂಗೆ ತಂದ್ಕೊಟ್ಟ ಅಂದ್ರು."

ನಾನು ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದೆ — ಅವರಿಗೆ ಅನುಮಾನ ಇದ್ದಿರಬಹುದು, ತಿಳಿದೂ ನನ್ನನ್ನು ಕ್ಷಮಿಸಿ ಸುಮ್ಮನಿದ್ದಿರಬಹುದು ಎಂದು. ಒಳಗೊಳಗೆ ಅದನ್ನೇ ಬೇಡುತ್ತಿದ್ದೆ. ಅದೂ ಇರಲಿಲ್ಲ. ಅವರು ನನ್ನನ್ನು ಪೂರ್ತಿ ನಂಬಿಕೊಂಡೇ ಹೋಗಿದ್ದರು.

ಕ್ಷಮಿಸು ಎಂದು ಕೇಳಲಿಲ್ಲ. ಕೇಳಬೇಕಾದದ್ದು ಅವಳನ್ನಲ್ಲ. ಅವಳು ಎದ್ದು ಒಳಗೆ ಹೋದಳು. ದೇವರ ಗೂಡಿನ ಬಾಗಿಲು ತೆಗೆದ ಸದ್ದು ಕೇಳಿಸಿತು, ಹಾಕಿದ ಸದ್ದೂ ಕೇಳಿಸಿತು. ಟೈಯನ್ನು ಅವಳು ಏನು ಮಾಡಿದಳೋ ನನಗೆ ತಿಳಿಯದು, ತಿಳಿಯಬೇಕಾದವನೂ ನಾನಲ್ಲ. ಸ್ವಲ್ಪ ಹೊತ್ತು ಜಗಲಿಯಲ್ಲೇ ನಿಂತಿದ್ದೆ. ಅವಳು ಹೊರಗೆ ಬರಲಿಲ್ಲ. ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ, ಒಳಗಿನಿಂದ ಅವಳ ಅತ್ತೆ "ಯಾರೇ ಸರೋಜಾ ಬಂದಿದ್ದು?" ಎಂದು ಕೇಳಿದರು.

"ಯಾರೋ ನಾಟಕದೋರು" ಎಂದಳು.

ಅದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ.